ಹಾಲುಹಲ್ಲಿನ ಹುಳುಕು: ಬಿದ್ದುಹೋಗುವ ಹಲ್ಲೆಂದು ಬಿಡಬಹುದೇ?

ಪ್ರಶ್ನೆ, ಬದಿಯಡ್ಕದಿಂದ: ಮಗುವಿಗೆ ಎರಡೂವರೆ ವರ್ಷ. ಮೇಲಿನ ಎದುರು ಹಲ್ಲುಗಳ ಬುಡದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ, ಒಂದರಲ್ಲಿ ಕಂದು ಚುಕ್ಕೆ. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟೇ ನಿದ್ದೆ. ಅಂಗನವಾಡಿಯ ಅರ್ಧ ಮಕ್ಕಳಿಗೂ ಹೀಗೇ. ಹೇಗೂ ಬೀಳುವ ಹಲ್ಲಲ್ಲವೇ?

ಕುಂಬಳೆಯಿಂದ: ಬಿಡಬೇಡಿ ಅಕ್ಕ. ಅರ್ಧ ಮಕ್ಕಳು ಎಂದದ್ದು ಸರಿಯೇ. 2002–03ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದವರಲ್ಲಿ ಶೇ. 51.9 ಮಂದಿಗೆ ಹುಳುಕಿತ್ತು. ದವಡೆಯ ಹಾಲುಹಲ್ಲು ಬೀಳುವುದು 9ರಿಂದ 12 ವರ್ಷದೊಳಗೆ. ಮೊದಲೇ ಕಿತ್ತರೆ ಪಕ್ಕದ ಹಲ್ಲು ಆ ಎಡೆಗೆ ವಾಲಿ, ಮುಂದೆ ಬರುವ ಹಲ್ಲಿಗೆ ಜಾಗ ಇರುವುದಿಲ್ಲ. ಬಿಳಿ ಗೆರೆ ಮೊದಲ ಹಂತ, ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ಸಿಕ್ಕಿದರೆ ಅಲ್ಲಿಗೇ ನಿಂತೀತು. ಕಂದು ಚುಕ್ಕೆಯನ್ನು ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಕೊರೆಯದೆ ಬೆಳ್ಳಿಯ ದ್ರಾವಣ ಹಚ್ಚಿ ಹುಳುಕು ನಿಲ್ಲಿಸುವುದುಂಟು. ಆ ಜಾಗ ಕಪ್ಪಾಗುತ್ತದೆ, ಗಾಬರಿ ಬೇಡ.

ಪೆರ್ಲದಿಂದ: ಮೇಲಿನ ಹಲ್ಲಿಗೇ ಯಾಕೆಂದರೆ, ಬಾಟಲಿ ಚೀಪುವಾಗ ಕೆಳಗಿನದನ್ನು ನಾಲಿಗೆ ಮುಚ್ಚಿರುತ್ತದೆ, ಜೊಲ್ಲೂ ಅಲ್ಲೇ ಇರುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಮೇಲಿನ ಹಲ್ಲಿಗೆ ಅಂಟಿಯೇ ಇರುತ್ತದೆ. ಹಾಲಿಗೆ ಸಕ್ಕರೆ ಹಾಕುವುದಿದ್ದರೆ ಮೊದಲು ಅದನ್ನು ನಿಲ್ಲಿಸಿ. ಬಳಿಕ ರಾತ್ರಿಯ ಬಾಟಲಿಗೆ ದಿನಾ ಸ್ವಲ್ಪ ಹೆಚ್ಚು ನೀರು ಬೆರೆಸುತ್ತ ಹತ್ತು ದಿನದಲ್ಲಿ ಬರೀ ನೀರಿಗೆ ತನ್ನಿ. ಒಮ್ಮೆಲೇ ಕಿತ್ತುಕೊಂಡರೆ ಮನೆಮಂದಿಗೆಲ್ಲ ಜಾಗರಣೆ!

ಮಂಜೇಶ್ವರದಿಂದ: ಪೇಸ್ಟಿನ ಟ್ಯೂಬಿನಲ್ಲಿ ಫ್ಲೋರೈಡ್ 1000 ಪಿಪಿಎಂ ಎಂದು ಬರೆದಿದೆಯೇ ನೋಡಿ. ಹಣ್ಣಿನ ಪರಿಮಳದ ಕೆಲವು ಮಕ್ಕಳ ಪೇಸ್ಟುಗಳಲ್ಲಿ ಫ್ಲೋರೈಡೇ ಇಲ್ಲ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮತ್ತೆ ಬಟಾಣಿಯಷ್ಟು. ಮಗುವಿನ ತಲೆ ಮಡಿಲಲ್ಲಿಟ್ಟು, ಬೆರಳಿನಿಂದ ಮೇಲ್ದುಟಿ ಎತ್ತಿ, ವಸಡಿನ ಅಂಚಿನಲ್ಲೇ ಉಜ್ಜಿ. ತುಟಿ ಎತ್ತದಿದ್ದರೆ ಆ ಬಿಳಿ ಗೆರೆಗೆ ಬ್ರಶ್ಶೇ ತಾಗದು. ನೊರೆ ಒರೆಸಿದರೆ ಸಾಕು, ಬಾಯಿ ತೊಳೆಸಬೇಡಿ. ಮಲಗುವ ಮುಂಚಿನದ್ದನ್ನು ತಪ್ಪಿಸಲೇಬೇಡಿ. ಅಜ್ಜಿ ಹೇಳಿದರೂ ಉಮಿಕರಿ (ಸುಟ್ಟ ಭತ್ತದ ಹೊಟ್ಟು) ಬೇಡ, ತರಿಗೆ ಹಲ್ಲು ಸವೆಯುತ್ತದೆ.

ಬದಿಯಡ್ಕ: ಮಗುವಿಗೆ ಕೊಡುವ ರಾಗಿ ಮಣ್ಣಿಗೆ (ರಾಗಿಹಾಲು ಕಾಯಿಸಿದ ಗಂಜಿಗೆ) ಬೆಲ್ಲ ಹಾಕಬಹುದಾ?

ಪೆರ್ಲ: ಹಲ್ಲಿಗೆ ಬೆಲ್ಲವೂ ಸಕ್ಕರೆಯೇ. ಹಾಕುವುದಾದರೆ ಊಟದ ಹೊತ್ತಿಗೆ ಕೊಡಿ. ಪ್ರತಿ ಸಲ ಸಿಹಿ ತಿಂದಾಗ ಬಾಯಿಯ ಹುಳಿ ಇಳಿಯಲು ಅರ್ಧ ಗಂಟೆಯಾದರೂ ಬೇಕು. ನಡುನಡುವೆ ಚಮಚ ಚಮಚ ಕೊಟ್ಟರೆ ಅದು ಇಳಿಯುವುದೇ ಇಲ್ಲ.

ಕುಂಬಳೆ: ಒಂದು ಬಿಟ್ಟುಹೋಯಿತು. ಆರನೇ ವರ್ಷಕ್ಕೆ ಯಾವ ಹಲ್ಲೂ ಬೀಳದೆ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಹಾಲುಹಲ್ಲೆಂದೇ ಎಣಿಸುತ್ತಾರೆ, ಅದು ಕಾಯಂ ಹಲ್ಲು. ಅದರ ಸಂದು ಆಳ, ಬಾಳೆಕಾಯಿ ಚಿಪ್ಸಿನ ಪುಡಿ ಕೂತರೆ ಬ್ರಶ್ಶಿಗೂ ಸಿಗದು. ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ ಸೀಲಂಟ್ (ಸಂದು ಮುಚ್ಚುವ ಲೇಪ) ಹಾಕಿಸಬಹುದು, ಕೊರೆಯಲಿಕ್ಕಿಲ್ಲ.