ಪೋಸ್ಟ್‌ಜಿಐಎಸ್: ಠಾಣೆ ಖಾಡಿಯ ಮೇಲೆ ಎಲಿಪ್ಸ್ ಸೊಟ್ಟಗೆ ಬರುತ್ತಿದೆ

ಮುಲುಂಡ್_ಹಕ್ಕಿಗಣ್ಣು:
ಠಾಣೆ ಖಾಡಿಯಲ್ಲಿ (ಮುಂಬೈ ಪಕ್ಕದ ಕಡಲ ಹಿನ್ನೀರು) ಫ್ಲೆಮಿಂಗೊ ಕಂಡ ಜಾಗಗಳನ್ನು ನಾವು ಗೆಳೆಯರು ಜಿಪಿಎಸ್‌ನಲ್ಲಿ ಗುರುತು ಮಾಡಿ, ನಕ್ಷೆಯ ಡೇಟಾಬೇಸ್ ಆದ ಪೋಸ್ಟ್‌ಜಿಐಎಸ್‌ಗೆ ಹಾಕುತ್ತೇವೆ. ಹಕ್ಕಿಗಳ ಹರಡಿಕೆಯನ್ನು ಒಂದು ಎಲಿಪ್ಸ್‌ನಲ್ಲಿ (ದೀರ್ಘವೃತ್ತದಲ್ಲಿ) ತೋರಿಸಬೇಕು. ನಡುಬಿಂದು 19.1 ಉತ್ತರ, 72.98 ಪೂರ್ವ. ಉದ್ದ 12 ಕಿ.ಮೀ., ಅಗಲ 3 ಕಿ.ಮೀ., ಉತ್ತರದಿಂದ ಪೂರ್ವಕ್ಕೆ 20 ಡಿಗ್ರಿ ವಾಲಿಕೆ. ಕಿಲೋಮೀಟರನ್ನು 111ರಿಂದ ಭಾಗಿಸಿ, ಡಿಗ್ರಿ ಮಾಡಿಕೊಂಡು 4326ರಲ್ಲೇ (ಅಕ್ಷಾಂಶ-ರೇಖಾಂಶದ ಡಿಗ್ರಿ ಪದ್ಧತಿ) ಬರೆದೆ. ಅಳೆದರೆ ಉದ್ದ 11.9, ಅಗಲ 2.86. ಅಕ್ಷಗಳ ನಡುವೆ 90 ಇರಬೇಕಾದ ಕೋನ 92ರ ಹತ್ತಿರ. ಹಿಗ್ಗಿಸುವ-ಕುಗ್ಗಿಸುವ ಎಸ್‌ಟಿ_ಸ್ಕೇಲ್ ಹಾಕಿದರಂತೂ ಆಕೃತಿ ಎಲ್ಲಿಗೋ ಹಾರಿಹೋಗುತ್ತದೆ. ಏನು ಮಾಡಲಿ?

ಪುಣೆ_ನಕ್ಷೆಗಾರ:
111 ಎಲ್ಲಾ ದಿಕ್ಕಿಗೂ ಹೊಂದಲ್ಲ ಸರ್. ನಿಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 105.2 ಕಿ.ಮೀ. ಅಷ್ಟೇ. ಪೂರ್ವ-ಪಶ್ಚಿಮಕ್ಕೆ ಮಾತ್ರ ಹಿಂಡಿದ ಹಾಗಾಗಿ, ವಾಲಿದ ಎಲಿಪ್ಸ್‌ನ ಕೋನವೂ ಕೆಡುತ್ತದೆ.

ಮೀಟರಿನಲ್ಲಿ ಕೆಲಸ ಮಾಡಿ. ಮುಂಬೈ, ಪುಣೆ, ಗೋವಾ ಎಲ್ಲಾ ಯುಟಿಎಂ (ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) 43 ಉತ್ತರದಲ್ಲೇ ಬರುತ್ತವೆ, ಅದರ ಎಸ್‌ಆರ್‌ಐಡಿ (ಪದ್ಧತಿಯ ಗುರುತು ಸಂಖ್ಯೆ) 32643. ಮೊದಲು (0,0)ಯಲ್ಲಿ 1 ತ್ರಿಜ್ಯದ ಎಸ್‌ಟಿ_ಬಫರ್, ಅಂದರೆ ವೃತ್ತ. ಅದಕ್ಕೆ ಎಸ್‌ಟಿ_ಸ್ಕೇಲ್ 1500, 6000. ಆಮೇಲೆ ಎಸ್‌ಟಿ_ರೊಟೇಟ್. ಕೊನೆಗೆ 32643ಕ್ಕೆ ಬದಲಿಸಿದ ನಡುಬಿಂದುವಿನ ಎಕ್ಸ್, ವೈ ಕೊಟ್ಟು ಎಸ್‌ಟಿ_ಟ್ರಾನ್ಸ್‌ಲೇಟ್‌ನಿಂದ ಅಲ್ಲಿಗೆ ಸರಿಸಿ. ಎಸ್‌ಆರ್‌ಐಡಿ ಹಚ್ಚಿ 4326ಕ್ಕೆ ವಾಪಸ್ ತನ್ನಿ. ಈ ಕ್ರಮ ತಪ್ಪಬಾರದು. ಎಸ್‌ಟಿ_ಸ್ಕೇಲ್ ಸುಮ್ನೆ ಎಲ್ಲಾ ಕೋಆರ್ಡಿನೇಟ್‌ಗಳನ್ನೂ ಗುಣಿಸುತ್ತದೆ, ಆಕೃತಿ ಹಾರಿಹೋಗಿದ್ದು ಅದಕ್ಕೇ. ರೊಟೇಟ್‌ಗೆ ಡಿಗ್ರಿ ಅಲ್ಲ, ರೇಡಿಯನ್ ಬೇಕು. ಅದು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ, ಹಾಗಾಗಿ ನಿಮ್ಮದು ಮೈನಸ್ 20 ಡಿಗ್ರಿಯ ರೇಡಿಯನ್. ಬಿಂದು ಮಾಡುವ ಎಸ್‌ಟಿ_ಮೇಕ್‌ಪಾಯಿಂಟ್‌ಗೆ ರೇಖಾಂಶ ಮೊದಲು!

ಮುಲುಂಡ್_ಹಕ್ಕಿಗಣ್ಣು:
ಥ್ಯಾಂಕ್ಸ್ ಸರ್, ಉದ್ದ-ಅಗಲ ಸರಿ ಬಂತು. ಆದರೆ ತುದಿ ಮಾತ್ರ 70 ಮೀಟರ್ ಆಚೀಚೆ ಇದೆ. ವಿಸ್ತೀರ್ಣವೂ ಲೆಕ್ಕಕ್ಕಿಂತ ಕಡಿಮೆ.

ಪಣಜಿ_ಡೇಟಾ:
ವಿಸ್ತೀರ್ಣ ಸುಲಭ. ಬಫರ್ ತಾನಾಗಿ ಕೊಡುವುದು 32 ಮೂಲೆಯ ಬಹುಭುಜ. ನೂರಕ್ಕೆ 0.6ರಷ್ಟು ಅಲ್ಲೇ ಹೋಗುತ್ತದೆ. ಕಾಲು ವೃತ್ತಕ್ಕೆ ಎಷ್ಟು ತುಂಡು ಎಂದು ಹೇಳುವ ಕ್ವಾಡ್_ಸೆಗ್ಸ್ 64 ಮಾಡಿ.

ತುದಿಯದ್ದು ಬೇರೆ. ಯುಟಿಎಂ 43ರ ಮಧ್ಯರೇಖೆ 75 ಡಿಗ್ರಿ. ನೀವು ಅದರಿಂದ ಎರಡು ಡಿಗ್ರಿ ಪಶ್ಚಿಮಕ್ಕಿದ್ದೀರಿ. ಯುಟಿಎಂ ಗ್ರಿಡ್‌ನ (ಚೌಕಳಿಯ) ಉತ್ತರಕ್ಕೂ ನಿಜವಾದ ಉತ್ತರಕ್ಕೂ ಅಲ್ಲಿ ಸುಮಾರು 0.66 ಡಿಗ್ರಿ ವ್ಯತ್ಯಾಸ. 6 ಕಿ.ಮೀ. ದೂರದಲ್ಲಿ ಅದೇ 70 ಮೀಟರ್. ಮೈನಸ್ 20.66 ಕೊಟ್ಟರೆ ಸರಿಹೋಗುತ್ತದೆ.

ನನ್ನನ್ನು ಕೇಳಿದರೆ ಯುಟಿಎಂ ಗೊಡವೆಯೇ ಬೇಡ. ನಡುಬಿಂದುವಿನ ಮೇಲೇ ಅಜಿಮುತಲ್ ಈಕ್ವಿಡಿಸ್ಟಂಟ್ ಪ್ರೊಜೆಕ್ಷನ್ (ನಡುಬಿಂದುವಿನಿಂದ ದೂರ, ದಿಕ್ಕು ಎರಡನ್ನೂ ಸರಿ ತೋರಿಸುವ ನಕ್ಷೆ) ಕೂರಿಸಿ. ಪದ್ಧತಿ ಬದಲಿಸುವ ಎಸ್‌ಟಿ_ಟ್ರಾನ್ಸ್‌ಫಾರ್ಮ್ ಎಸ್‌ಆರ್‌ಐಡಿ ಬದಲು, ಪ್ರೊಜೆಕ್ಷನ್ ವಿವರಿಸುವ ಪ್ರೊಜ್ ಸ್ಟ್ರಿಂಗನ್ನೂ ತೆಗೆದುಕೊಳ್ಳುತ್ತದೆ. ನಡುಬಿಂದುವೇ (0,0) ಆಗುವುದರಿಂದ ಟ್ರಾನ್ಸ್‌ಲೇಟ್ ಕೂಡ ಬೇಕಿಲ್ಲ, ಮೈನಸ್ 20 ಅಂದರೆ ಮೈನಸ್ 20ಯೇ.

ಪುಣೆ_ನಕ್ಷೆಗಾರ:
ಒಂದೇ ಎಲಿಪ್ಸ್ ಆದರೆ ಇದೇ ಚೆಂದ, ಒಪ್ಪಿದೆ. ನೂರಾರು ಇದ್ದರೆ ಪ್ರತಿ ಸಾಲಿಗೂ ಸ್ಟ್ರಿಂಗ್ ಕಟ್ಟಬೇಕು, ಕ್ವೆರಿ ನಿಧಾನ ಆದೀತು.

ಮುಲುಂಡ್_ಹಕ್ಕಿಗಣ್ಣು:
ನಮಗೆ ತಿಂಗಳಿಗೊಂದೇ ಸರ್. ಪಣಜಿಯವರ ದಾರಿಯಲ್ಲೇ ಮಾಡಿದೆ, ತುದಿ ಸರಿಯಾಗಿ ಕೂತಿದೆ.