ಸಹಾಯ ಬೇಕು: ಕಣ್ಣಿಗೆ ಕಾಣದ ಕೂಲಂಟ್ ಸೋರಿಕೆಗೆ ಎಂಜಿನ್ ಹೆಡ್ ಬಿಚ್ಚಿಸಬೇಕೇ?

ನಮ್ಮ ಮನೆಯಲ್ಲಿರುವ 2006ರ ಪೆಟ್ರೋಲ್ ಕಾರು ಹಾಸನದೊಳಗಿನ ಓಡಾಟದಲ್ಲಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬಂದ ಮರುದಿನ ಬೆಳಿಗ್ಗೆ ನೋಡಿದರೆ ರಿಸರ್ವ್ ಟ್ಯಾಂಕಿನ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಕನಿಷ್ಠ ಗೆರೆಗಿಂತ ಕೆಳಗಿಳಿದಿರುತ್ತದೆ. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ.

ರೇಡಿಯೇಟರ್ ಮುಚ್ಚಳವನ್ನೂ ಹೋಸ್‌ಗಳನ್ನೂ ಬದಲಾಯಿಸಿ, ಎಂಜಿನ್ ತಣ್ಣಗಿರುವಾಗ ಪ್ರೆಷರ್ ಟೆಸ್ಟ್ (ಕೂಲಂಟ್ ವ್ಯವಸ್ಥೆಗೆ ಗಾಳಿಯ ಒತ್ತಡ ಕೊಟ್ಟು ಸೋರಿಕೆ ಹುಡುಕುವ ಪರೀಕ್ಷೆ) ಮಾಡಿಸಿದಾಗ ಒತ್ತಡ ಇಳಿಯಲಿಲ್ಲ. ಕೂಲಂಟ್ ಒಳಗೇ ಸೋರುತ್ತಿರುವ ಲಕ್ಷಣಗಳೂ ಇಲ್ಲ: ಎಂಜಿನ್ ಆಯಿಲ್ ಹಾಲು ಬೆರೆತಂತೆ ಆಗಿಲ್ಲ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿಲ್ಲ, ಹೀಟರ್ ಕೋರ್ (ಬಿಸಿ ಕೂಲಂಟಿನಿಂದ ಕಾರಿನೊಳಗಿನ ಗಾಳಿ ಬಿಸಿ ಮಾಡುವ ಭಾಗ) ಸೋರಿದ್ದರೆ ಒದ್ದೆಯಾಗಬೇಕಿದ್ದ ಕಾಲಡಿಯ ಕಾರ್ಪೆಟ್ ಒಣಗಿಯೇ ಇದೆ. ವಾಟರ್ ಪಂಪಿನ ಅಡಿಯ, ಪಂಪಿನ ಸೀಲು ಸೋರಿದರೆ ಕೂಲಂಟ್ ಹೊರಬರುವ ಸಣ್ಣ ರಂಧ್ರದ ಸುತ್ತ ಮಾತ್ರ ಹಸಿರು ಕಲೆಯೊಂದು ಒಣಗಿ ಅಂಟಿಕೊಂಡಿದ್ದು, ಅದು ಹಳೆಯದೋ ಹೊಸದೋ ತಿಳಿಯುತ್ತಿಲ್ಲ. ಸೋರಿಕೆ ನಿಲ್ಲಿಸುವ ದ್ರಾವಣವನ್ನು ಸುರಿಯಲು ಕೆಲವರು ಹೇಳಿದರಾದರೂ, ಅದು ರೇಡಿಯೇಟರಿನ ಸಣ್ಣ ಕೊಳವೆಗಳನ್ನೇ ಕಟ್ಟಿಸಬಹುದೆಂದು ನಾನು ಒಪ್ಪಲಿಲ್ಲ.

ಒಬ್ಬ ಮೆಕ್ಯಾನಿಕ್ ಪಂಪ್ ಬದಲಾಯಿಸಿದರೆ ಸಾಕೆನ್ನುತ್ತಾರೆ. ಇನ್ನೊಬ್ಬರು, ಹೆಡ್ ಗ್ಯಾಸ್ಕೆಟ್ಟಿನ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಸೀಲು; ಬದಲಾಯಿಸಲು ಹೆಡ್ ಬಿಚ್ಚಬೇಕು) ಸಣ್ಣ ದೋಷವು ಬಿಸಿ ಮತ್ತು ಭಾರ ಹೆಚ್ಚಾದಾಗಲಷ್ಟೇ ಕೂಲಂಟನ್ನು ಸಿಲಿಂಡರಿಗೆ ಬಿಡಬಹುದಾದ್ದರಿಂದ ತಣ್ಣಗಿನ ಪರೀಕ್ಷೆಯನ್ನು ನಂಬಬಾರದೆನ್ನುತ್ತಾರೆ. ಎರಡೂ ವಾದ ಸರಿಯೆನಿಸುವುದೇ ನನ್ನ ತೊಡಕು.

ಅನುಭವವುಳ್ಳವರು ದಯವಿಟ್ಟು ತಿಳಿಸಿ: ಎಂಜಿನ್ನಿನೊಳಗಿನ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ನೀಲಿಯಿಂದ ಹಳದಿಗೆ ತಿರುಗುವ ದ್ರವದ ಪರೀಕ್ಷೆಯು, ಕಾರನ್ನು ನಿಲ್ಲಿಸಿಕೊಂಡೇ ಎಂಜಿನ್ ಓಡಿಸಿ ಮಾಡಿದರೂ, ಘಾಟಿಯಲ್ಲಿ ಮಾತ್ರ ತೋರುವ ಇಂಥ ದೋಷವನ್ನು ಹಿಡಿಯುತ್ತದೆಯೇ, ಅಥವಾ ಮೊದಲು ಆ ಕಲೆಯನ್ನು ತೊಳೆದು ಮತ್ತೊಮ್ಮೆ ಘಾಟಿ ಹತ್ತಿಸಿ ಪಂಪನ್ನೇ ಪರಿಶೀಲಿಸಬೇಕೇ?