ಮನೆಯಲ್ಲಿ ನೆನೆಸಿಟ್ಟ ವೆನಿಲ್ಲಾ: ಪರಿಮಳ ಬರಲು ಎಷ್ಟು ದಿನ ಬೇಕು?

ಕೇಳಿದವರು (ಹುಬ್ಬಳ್ಳಿ, ವಿದ್ಯಾನಗರ):

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಮೊಟ್ಟೆ ಹಾಕದ ಕೇಕ್ ಮಾಡಿ ಕೊಡುತ್ತೇನೆ. ಅಂಗಡಿಯ ವೆನಿಲ್ಲಾ ಎಸೆನ್ಸ್ ನನಗೆ ಸಾಕಾಗಿದೆ, ಬಾಟಲಿ ತೆಗೆದರೆ ಮೂಗಿಗೆ ಹೊಡೆಯುತ್ತದೆ, ಬಾಯಲ್ಲಿ ಮಾತ್ರ ಏನೂ ನಿಲ್ಲೋದಿಲ್ಲ. ಹೋದ ತಿಂಗಳು ಶಿರಸಿಯ ಸಂಬಂಧಿಕರು 10 ವೆನಿಲ್ಲಾ ಬೀನ್ಸ್, ಅಂದರೆ ಒಣಗಿಸಿದ ವೆನಿಲ್ಲಾ ಕಾಯಿ ಕೊಟ್ಟರು. ಎಲ್ಲರೂ ವೋಡ್ಕಾದಲ್ಲಿ ನೆನೆಸು ಅಂತಾರೆ, ಆದರೆ ಮನೆಯಲ್ಲಿ ಅತ್ತೆ ಇದ್ದಾರೆ, ಅಂಥ ಬಾಟಲಿ ನಮ್ಮ ಅಡುಗೆಮನೆಗೆ ಬರುವ ಹಾಗಿಲ್ಲ. ಅದಕ್ಕೆ 100 ಎಂಎಲ್ ಗ್ಲಿಸರಿನ್‌ನಲ್ಲಿ 3 ಬೀನ್ಸ್ ಹಾಕಿ ಇಟ್ಟೆ. ಇವತ್ತಿಗೆ 18 ದಿನ. ಬಣ್ಣ ಕರಿಚಹಾದ ಹಾಗೆ ಬಂದಿದೆ. ಒಂದು ಹನಿ ನಾಲಿಗೆಗೆ ಇಟ್ಟರೆ ಬರೀ ಸಿಹಿ, ಜೊತೆಗೆ ಒದ್ದೆ ಕಟ್ಟಿಗೆಯ ವಾಸನೆ. ಕೆಟ್ಟಿತಾ? ಇನ್ನೂ ಕಾಯಬೇಕಾ? ಬಿಸಿ ಮಾಡಿದರೆ ಬೇಗ ಆಗುತ್ತದೆ ಅಂತಾರೆ, ಮಾಡಿ ನೋಡಿದವರು ದಯವಿಟ್ಟು ಹೇಳಿ.

ಧಾರವಾಡದಿಂದ:

ಕೆಟ್ಟಿಲ್ಲ ತಂಗಿ. 18 ದಿನಕ್ಕೆ ಕಟ್ಟಿಗೆ ವಾಸನೆಯೇ ಬರೋದು. ನಾಲ್ಕು ವರ್ಷದಿಂದ ನಾನು ಗ್ಲಿಸರಿನ್‌ನಲ್ಲೇ ನೆನೆಸುತ್ತಿದ್ದೇನೆ. ಮೊದಲ ಸಲ ಅರ್ಧ ಬಾಟಲಿಯನ್ನು ಮೂರನೇ ವಾರಕ್ಕೇ ಮಗನ ಹುಟ್ಟುಹಬ್ಬದ ಕೇಕಿಗೆ ಸುರಿದೆ, ಒಬ್ಬರಿಗೂ ವೆನಿಲ್ಲಾ ಅಂತ ಗೊತ್ತಾಗಲಿಲ್ಲ. ಉಳಿದ ಅರ್ಧ ಹಾಗೇ ಇತ್ತು. ನಾಲ್ಕು ತಿಂಗಳಾದ ಮೇಲೆ ಕಸ್ಟರ್ಡ್‌ಗೆ ಒಂದೇ ಚಮಚ ಹಾಕಿದೆ, ಒಳಗಿನ ಕೋಣೆಯಲ್ಲಿ ಓದುತ್ತಾ ಕೂತಿದ್ದ ಅದೇ ಮಗ ಎದ್ದು ಬಂದು ಏನು ಮಾಡ್ತಾ ಇದ್ದೀ ಅಂತ ಕೇಳಿದ. ಅದೇ ಬೀನ್ಸ್, ಅದೇ ಗ್ಲಿಸರಿನ್. ದಿನ ಮಾತ್ರ ಬೇರೆ.

ತಡ ಆಗೋದಕ್ಕೆ ಕಾರಣ ಇದೆ. ಗ್ಲಿಸರಿನ್ ಬಹಳ ಗಟ್ಟಿ, 100 ಎಂಎಲ್ ತೂಗಿ ನೋಡು, 126 ಗ್ರಾಂ ಬರುತ್ತದೆ. ಮದ್ಯ ಕಾಯಿಯೊಳಗೆ ಬೇಗ ಇಳಿದು ಪರಿಮಳ ಎಳೆದುಕೊಳ್ಳುತ್ತದೆ, ಗ್ಲಿಸರಿನ್ ನಿಧಾನ, ಮತ್ತು ಎಳೆಯೋದೂ ಕಡಿಮೆ. ಅದಕ್ಕೇ ನಾವು ಬೀನ್ಸ್ ಜಾಸ್ತಿ ಹಾಕಬೇಕು. ಅಮೆರಿಕದಲ್ಲಿ ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಅಂತ ಹೆಸರು ಹಾಕಿ ಮಾರಲು ಕನಿಷ್ಠ 35 ಪರ್ಸೆಂಟ್ ಆಲ್ಕೋಹಾಲ್ ಇರಬೇಕು, ಲೀಟರಿಗೆ ಸುಮಾರು 100 ಗ್ರಾಂ ಬೀನ್ಸ್ ಬಿದ್ದಿರಬೇಕು. ಅಂದರೆ 100 ಎಂಎಲ್‌ಗೆ 10 ಗ್ರಾಂ. ನಾನು ಗ್ಲಿಸರಿನ್‌ಗೆ ಅದರ ಎರಡರಷ್ಟು ಹಾಕುತ್ತೇನೆ. ಎಷ್ಟು ಕಾಯಿ ಅಂತ ಎಣಿಸಬೇಡ, ತಕ್ಕಡಿಯಲ್ಲಿ ತೂಗು. ಒಂದು ಕಾಯಿ 2 ಗ್ರಾಂ ಇದ್ದರೆ ಇನ್ನೊಂದು 4 ಗ್ರಾಂ ಇರುತ್ತದೆ.

ಕಾಯಿಯನ್ನು ಇಡಿಯಾಗಿ ಹಾಕಿದ್ದೀಯಾ? ಹಾಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಉದ್ದಕ್ಕೆ ಸೀಳಿ ಬಿಡಿಸಬೇಕು. ಒಳಗೆ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಬೀಜ ಇರುತ್ತವೆ, ಬೆರಳಿಗೆ ಹತ್ತಿದರೆ ಕಾಡಿಗೆ ಹತ್ತಿದ ಹಾಗೆ ಅಂಟುತ್ತವೆ. ಗ್ಲಿಸರಿನ್ ಆ ಅಂಟಿಗೆ ತಾಗಬೇಕು. ಮಿಕ್ಸಿಗೆ ಮಾತ್ರ ಹಾಕಬೇಡ. ನಾನು ಒಂದು ಸಲ ಹಾಕಿದ್ದೆ, ಕೆಸರು ನೀರಿನ ಹಾಗಾಯಿತು, ಎಷ್ಟು ಸೋಸಿದರೂ ಒಗರು ಹೋಗಲಿಲ್ಲ.

ಈಗ ಬಿಸಿಯ ವಿಷಯ. ಬಿಸಿ ಮಾಡಿದರೆ ಗ್ಲಿಸರಿನ್ ತೆಳ್ಳಗಾಗುತ್ತದೆ, ಅಷ್ಟರ ಮಟ್ಟಿಗೆ ಲಾಭ ಇದೆ. ಮೊದಲ ಒಂದು ತಿಂಗಳು ವಾರಕ್ಕೊಮ್ಮೆ, ರೊಟ್ಟಿ ಬಡಿದು ಮುಗಿದ ಮೇಲೆ, ಒಂದು ಪಾತ್ರೆಯಲ್ಲಿ 50ರಿಂದ 60 ಡಿಗ್ರಿ ಬಿಸಿ ನೀರು ಇಟ್ಟು ಅದರಲ್ಲಿ ಬಾಟಲಿ ನಿಲ್ಲಿಸಿ ಒಂದು ತಾಸು ಬಿಡುತ್ತೇನೆ. ನೀರು ಉಗುರುಬೆಚ್ಚಗೆ ಇದ್ದಾಗಲೇ ಬಾಟಲಿ ಇಟ್ಟು ಆಮೇಲೆ ನಿಧಾನಕ್ಕೆ ಕಾಯಿಸಬೇಕು, ಇಲ್ಲದಿದ್ದರೆ ಗಾಜು ಸೀಳುತ್ತದೆ. ಒಲೆಯ ಮೇಲೆ ನೇರವಾಗಿ ಕುದಿಸೋದು ಬೇಡವೇ ಬೇಡ. ಮನೆಯೆಲ್ಲಾ ಘಮಘಮ ಅಂದರೆ ಬಾಟಲಿಯಿಂದ ಅಷ್ಟು ಹೊರಗೆ ಹೋಯಿತು ಅಂತಲೇ ಲೆಕ್ಕ. ಬಿಸಿಯಿಂದ ಬಣ್ಣ ಬೇಗ ಬರುತ್ತದೆ, ಬಣ್ಣ ನೋಡಿ ಆಯಿತು ಅಂದುಕೊಳ್ಳಬೇಡ. ಕಾಯಿಯ ಬಣ್ಣ ಮೊದಲು ಬಿಡುತ್ತದೆ, ರುಚಿ ತುಂಬಾ ಹಿಂದೆ ಬರುತ್ತದೆ.

ಉಳಿದ ಹೊತ್ತು ಕತ್ತಲಲ್ಲಿ ಇಡು. ನನ್ನದು ಅಡುಗೆಮನೆಯ ಮಾಡದಲ್ಲಿ, ಡಬ್ಬಿಗಳ ಹಿಂದೆ ಇರುತ್ತದೆ. ದಿನಾ ಒಂದು ಸಲ ತಲೆಕೆಳಗು ಮಾಡಿ ಅಲ್ಲಾಡಿಸಬೇಕು. ಕಾಯಿಯ ತುದಿ ಗ್ಲಿಸರಿನ್‌ನಿಂದ ಮೇಲೆ ಇಣುಕಬಾರದು. ಬಾಟಲಿ ತೊಳೆದು ಬಿಸಿಲಿಗೆ ಇಟ್ಟು ಪೂರ್ತಿ ಒಣಗಿಸಿರಬೇಕು. ಎರಡನೇ ವರ್ಷ ಮಳೆಗಾಲದಲ್ಲಿ ನಾನು ಹಸಿ ಬಾಟಲಿಗೆ ತುಂಬಿದ್ದೆ, ಮೇಲಿನ ತೆಳ್ಳನೆ ಪದರಿನಲ್ಲಿ ಬೂಷ್ಟು ಬಂದು 20 ಗ್ರಾಂ ಬೀನ್ಸ್ ಹೋಯಿತು. ಆ ವಾರವೆಲ್ಲಾ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಗದಗದಿಂದ, ಸಣ್ಣ ಬೇಕರಿ ನಡೆಸುವವರು:

ಧಾರವಾಡದ ಅಕ್ಕ ಹೇಳಿದ್ದೆಲ್ಲಾ ಸರಿ. ನಾನು ಮದ್ಯದಲ್ಲೇ ಮಾಡುತ್ತೇನೆ. ನಮ್ಮಲ್ಲಿ ಸಿಗುವ ವೋಡ್ಕಾ, ರಮ್ಮಿನ ಬಾಟಲಿ ಮೇಲೆ ಸಾಮಾನ್ಯವಾಗಿ 42.8 ಪರ್ಸೆಂಟ್ ಅಂತ ಇರುತ್ತದೆ, ಅದು ಸಾಕು. ಎರಡು ತಿಂಗಳಿಗೆ ಬಳಸಬಹುದು, ಆರು ತಿಂಗಳಿಗೆ ಚೆನ್ನಾಗಿರುತ್ತದೆ, ಮೊದಲು ಬರುವ ಘಾಟು ಅಷ್ಟರಲ್ಲಿ ಇಳಿದಿರುತ್ತದೆ. ಆದರೆ ನೀವು ಮನೆಯಿಂದ ಮಾರುತ್ತೀರಿ, ಗಿರಾಕಿಗಳಲ್ಲಿ ಮದ್ಯ ಮುಟ್ಟದವರು ಬಹಳ. ಅವರಿಗೆ ಹೇಳದೆ ಹಾಕೋದು ತಪ್ಪು. ನಾನು ಕೇಕಿನ ಡಬ್ಬಿ ಮೇಲೆ ಬರೆದೇ ಕೊಡುತ್ತೇನೆ, ಬೇಡ ಅಂದವರಿಗೆ ಏಲಕ್ಕಿ ಹಾಕಿ ಮಾಡುತ್ತೇನೆ. ಹಾಗಾಗಿ ಗ್ಲಿಸರಿನ್ ದಾರಿಯೇ ನಿಮಗೆ ಸರಿ.

ಇನ್ನೊಂದು ಮಾತು. ಅಂಗಡಿ ಎಸೆನ್ಸಿನಲ್ಲಿ ಇರೋದು ಕಾರ್ಖಾನೆಯಲ್ಲಿ ಮಾಡಿದ ವೆನಿಲಿನ್, ಪ್ರೊಪೈಲಿನ್ ಗ್ಲೈಕಾಲ್ ಅನ್ನುವ ದ್ರವದಲ್ಲಿ ಕರಗಿಸಿದ್ದು. ಅಸಲಿ ಕಾಯಿಯಲ್ಲೂ ಮುಖ್ಯ ಪರಿಮಳ ಅದೇ ವೆನಿಲಿನ್, ಆದರೆ ಜೊತೆಗೆ ಇನ್ನೂ ನೂರಾರು ವಾಸನೆಗಳು ಸೇರಿರುತ್ತವೆ. ಓವನ್ ಬಿಸಿಯಲ್ಲಿ ಅವು ಬಹಳಷ್ಟು ಹಾರಿಹೋಗುತ್ತವೆ. ಆದ್ದರಿಂದ ಸ್ಪಂಜಿಗೆ, ಬಿಸ್ಕಿಟಿಗೆ ನಿಮ್ಮ ಬಾಟಲಿ ಖಾಲಿ ಮಾಡಬೇಡಿ. ಕ್ರೀಮಿಗೆ, ಕಸ್ಟರ್ಡ್‌ಗೆ, ಐಸ್‌ಕ್ರೀಮಿಗೆ ಇಡಿ.

ಹಾವೇರಿಯಿಂದ:

ಎಲ್ಲದಕ್ಕೂ ದಿನ ಹೆಚ್ಚಾದರೆ ರುಚಿ ಹೆಚ್ಚು ಅಂದುಕೊಳ್ಳಬೇಡಿ. ನಮ್ಮೂರು ಏಲಕ್ಕಿ ಹಾರದ ಊರು, ಏಲಕ್ಕಿ ಇಲ್ಲದೆ ನಮಗೆ ಕೈ ಆಡೋದಿಲ್ಲ. ನಾನು 15 ಗ್ರಾಂ ಏಲಕ್ಕಿ ಜಜ್ಜಿ 100 ಎಂಎಲ್ ಗ್ಲಿಸರಿನ್‌ಗೆ ಹಾಕಿದ್ದೆ. ಹತ್ತನೇ ದಿನ ಅಷ್ಟು ಚೆಂದ ಇತ್ತು, ಹಾಲಿಗೆ ನಾಲ್ಕು ಹನಿ ಬಿಟ್ಟರೆ ಸಾಕು. ಇನ್ನೂ ಚೆನ್ನಾಗಲಿ ಅಂತ ಒಂದು ತಿಂಗಳು ಬಿಟ್ಟೆ. ಕೆಮ್ಮಿಗೆ ಎದೆಗೆ ಹಚ್ಚುವ ಮುಲಾಮಿನ ಹಾಗೆ ಘಾಟು ಬಂತು, ಸಿಪ್ಪೆಯ ಕಹಿಯೂ ಇಳಿದಿತ್ತು. ಈಗ ಹತ್ತು ದಿನಕ್ಕೆ ಸೋಸಿ ಬೇರೆ ಬಾಟಲಿಗೆ ಹಾಕಿಬಿಡುತ್ತೇನೆ. ವೆನಿಲ್ಲಾ ಬೇರೆ, ಅದು ಕಾದಷ್ಟೂ ಒಳ್ಳೆಯದೇ. ಹೊಸದು ಏನು ನೆನೆಸಿದರೂ ಬಾಟಲಿ ಮೇಲೆ ತಾರೀಖು ಬರೆದು ವಾರಕ್ಕೊಮ್ಮೆ ರುಚಿ ನೋಡಿ.

ಹುಬ್ಬಳ್ಳಿಯಿಂದ, ಔಷಧ ಅಂಗಡಿಯವರು:

ಅಕ್ಕಾ, ದಿನದ ಲೆಕ್ಕಕ್ಕಿಂತ ಮೊದಲು ಒಂದು ಕೇಳುತ್ತೇನೆ. ಗ್ಲಿಸರಿನ್ ಯಾವುದು ತಂದಿರಿ? ಬಾಟಲಿ ಮೇಲೆ ಏನು ಬರೆದಿದೆ ಓದಿ ಹೇಳಿ. ತಿನ್ನುವುದಕ್ಕೆ ಅಂತಲೇ ಮಾರುವ ಗ್ಲಿಸರಿನ್ ಬೇರೆ ಇರುತ್ತದೆ, ಅದರ ಮೇಲೆ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ, 422 ಅನ್ನುವ ಸಂಖ್ಯೆ ಕೂಡ ಕಾಣಿಸಬಹುದು, ಅದು ಆಹಾರಕ್ಕೆ ಹಾಕುವ ಗ್ಲಿಸರಿನ್‌ನ ಗುರುತು. ಕೆಮಿಕಲ್ ಅಂಗಡಿಯಲ್ಲಿ ಕ್ಯಾನಿನಿಂದ ಸುರಿದು ಕೊಡುವ ಬಿಡಿ ಗ್ಲಿಸರಿನ್ ಅಡುಗೆಗೆ ಎಷ್ಟು ಅಗ್ಗವಾದರೂ ಬೇಡ.

ಸುಮ್ನೆ ಹೆದರಿಸುತ್ತಿಲ್ಲ. ಡೈಎಥಿಲಿನ್ ಗ್ಲೈಕಾಲ್ ಅಂತ ಒಂದು ಕೈಗಾರಿಕೆಯ ದ್ರವ ಇದೆ. ನೋಡಲು ಗ್ಲಿಸರಿನ್ ಹಾಗೇ, ಬಣ್ಣವಿಲ್ಲ, ಅಂಟಂಟು, ರುಚಿಯೂ ಸಿಹಿ. ಕಿಡ್ನಿಯನ್ನೇ ನಿಲ್ಲಿಸಿಬಿಡುತ್ತದೆ. 1986ರಲ್ಲಿ ಮುಂಬೈನಲ್ಲಿ ಇದು ಸೇರಿದ್ದ ಗ್ಲಿಸರಿನ್ ಕುಡಿಸಿ 14 ರೋಗಿಗಳು ಸತ್ತರು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಕೆಮ್ಮಿನ ಸಿರಪ್‌ನಲ್ಲೂ ಇದೇ ಸಿಕ್ಕಿತು. ಮೂಗು, ನಾಲಿಗೆ ಎರಡಕ್ಕೂ ಇದು ಗೊತ್ತಾಗೋದಿಲ್ಲ. ನೀವು ಊರ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ಕೊಡುವವರು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೇಳಿದವರು:

ಈಗಷ್ಟೇ ಎದ್ದು ಹೋಗಿ ಬಾಟಲಿ ನೋಡಿ ಬಂದೆ. ಸಣ್ಣ ಅಕ್ಷರದಲ್ಲಿ ‘ಮೈಮೇಲೆ ಹಚ್ಚಲು ಮಾತ್ರ’ ಅಂತ ಇದೆ. ಚಳಿಗಾಲಕ್ಕೆ ಕೈಕಾಲಿಗೆ ಹಚ್ಚೋಕೆ ತಂದಿದ್ದು. ನನಗೆ ಕೈಕಾಲೇ ಆಡಲಿಲ್ಲ. ಒಂದು ಹನಿ ನಾಲಿಗೆಗೆ ಇಟ್ಟಿದ್ದು ಬಿಟ್ಟರೆ ಯಾರಿಗೂ ಕೊಟ್ಟಿಲ್ಲ. ಆ 3 ಬೀನ್ಸ್ ತೊಳೆದು ಬಳಸಬಹುದಾ?

ಇನ್ನೊಂದು ವಿಷಯ. ನಮ್ಮ ಮೈದುನ ಬಾಟಲಿ ನೋಡಿ, ವೈನಿ, ವೇಪಿನ (ಇ-ಸಿಗರೇಟಿನ) ಲಿಕ್ವಿಡ್ ಕೂಡ ಇದೇ ಗ್ಲಿಸರಿನ್, ಅದನ್ನೂ ಹೀಗೇ ವಾರಗಟ್ಟಲೆ ಕತ್ತಲಲ್ಲಿ ಇಟ್ಟು ರುಚಿ ಬರಿಸುತ್ತಾರೆ, ಆದ ಮೇಲೆ ನನಗೂ ಸ್ವಲ್ಪ ಕೊಡಿ ಅಂತಿದ್ದಾನೆ. ಅವನಿಗೆ ಏನು ಹೇಳಲಿ?

ಔಷಧ ಅಂಗಡಿಯವರು:

ಒಂದು ಹನಿಗೆ ಗಾಬರಿ ಆಗಬೇಡಿ. ಆದರೆ ಆ 3 ಬೀನ್ಸ್ ಬಿಟ್ಟುಬಿಡಿ, 18 ದಿನ ಅದನ್ನೇ ಹೀರಿಕೊಂಡಿವೆ, ತೊಳೆದರೆ ಹೋಗೋದಿಲ್ಲ.

ಮೈದುನನಿಗೆ ಖಡಾಖಂಡಿತ ಬೇಡ ಅನ್ನಿ. ಅವನು ಹೇಳಿದ್ದು ನಿಜ, ಅದರ ಬುನಾದಿಯೂ ಗ್ಲಿಸರಿನ್ ಮತ್ತು ಪ್ರೊಪೈಲಿನ್ ಗ್ಲೈಕಾಲ್. ಆದರೆ ಹೊಟ್ಟೆಗೆ ಹೋಗುವುದಕ್ಕೂ ಶ್ವಾಸಕೋಶಕ್ಕೆ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಕಾಯಿಯಿಂದ ಎಣ್ಣೆ, ಮೇಣ, ಸಕ್ಕರೆ ಎಲ್ಲಾ ಗ್ಲಿಸರಿನ್‌ಗೆ ಇಳಿದಿರುತ್ತವೆ. ಹೊಟ್ಟೆ ಅದನ್ನು ಅರಗಿಸುತ್ತದೆ. ವೇಪಿನೊಳಗಿನ ಕಾದ ತಂತಿಸುರುಳಿಯ ಮೇಲೆ ಅದು ಸುಡುತ್ತದೆ, ಆ ಹೊಗೆ, ಎಣ್ಣೆಯ ಹನಿ ಎದೆಯೊಳಗೆ ಹೋಗುತ್ತದೆ. ಬೆಣ್ಣೆ ಪರಿಮಳಕ್ಕೆ ಹಾಕುವ ಡೈಅಸಿಟೈಲ್ ತಿನ್ನಲು ನಡೆಯುತ್ತದೆ, ಅದರ ಆವಿ ಕುಡಿದ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶ ಮಾತ್ರ ಹಾಳಾಯಿತು. ಮೇಲಾಗಿ 2019ರ ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ವೇಪ್ ತಯಾರಿಸೋದು, ಮಾರೋದು ಎರಡೂ ನಿಷೇಧ. ಹುಡುಗನನ್ನು ಬೈಯಬೇಡಿ, ಪಕ್ಕಕ್ಕೆ ಕೂರಿಸಿಕೊಂಡು ಹೇಳಿ.

ಕೇಳಿದವರು:

ಹೇಳಿದೆ. ಸಿಟ್ಟು ಮಾಡಿಕೊಂಡ, ಆದರೆ ಕೇಳಿಸಿಕೊಂಡ. ಬಾಟಲಿ, ಬೀನ್ಸ್ ಎರಡೂ ಎಸೆದೆ. ಅಡುಗೆಗೆ ಹಾಕುವ ಗ್ಲಿಸರಿನ್ ತರಿಸಿದ್ದೇನೆ, ನಂಬರ್ ಎರಡು ಸಲ ಓದಿ ನೋಡಿದೆ. ಉಳಿದ 7 ಕಾಯಿ ಈಗ ಹೊರಗೆ ತೆಗೆದರೆ ಮೇಲೆ ಬೆಳ್ಳಗೆ ಏನೋ ಕಾಣುತ್ತಿದೆ. ಬೂಷ್ಟು ಬಂತಾ? ಇವೂ ಹೋದರೆ ಮತ್ತೆ ಕೇಳೋಕೆ ನನಗೆ ಮುಖ ಇಲ್ಲ.

ಧಾರವಾಡದಲ್ಲಿರುವ ಸಿದ್ದಾಪುರದವರು:

ಬೆಳಕಿಗೆ ಹಿಡಿದು ನೋಡಿ. ಸೂಜಿ ಮೊನೆಯಂತೆ ಮಿನುಗಿದರೆ ಅದು ಬೂಷ್ಟು ಅಲ್ಲ, ವೆನಿಲಿನ್ ಹರಳು. ಒಳ್ಳೆಯ ಕಾಯಿಗೇ ಹಾಗೆ ಬರೋದು. ಹತ್ತಿಯ ಹಾಗೆ ಮೆತ್ತಗೆ, ಮಂಕಾಗಿ ಇದ್ದು ಮುಗ್ಗಲು ವಾಸನೆ ಬಂದರೆ ಮಾತ್ರ ಬೂಷ್ಟು.

ನಮ್ಮ ಅಪ್ಪ ಅಡಿಕೆ ತೋಟದಲ್ಲಿ ವೆನಿಲ್ಲಾ ಹಬ್ಬಿಸಿದ್ದರು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಹೊಡೆದು ಅಲ್ಲಿನ ಬೆಳೆ ಹೋಯಿತು, ಮುಂದಿನ ಎರಡು ಮೂರು ವರ್ಷದಲ್ಲಿ ನಮ್ಮ ಕಡೆ ಹಸಿ ಕಾಯಿಗೇ ಕಿಲೋಗೆ ಸಾವಿರಾರು ರೂಪಾಯಿ ಬಂತು. ರಾತ್ರಿ ಟಾರ್ಚ್ ಹಿಡಿದು ತೋಟ ಕಾದ ನೆನಪು ನನಗಿದೆ. ಆಮೇಲೆ ದರ ನೆಲಕಚ್ಚಿತು, ಬಹಳ ಜನ ಬಳ್ಳಿ ಕಿತ್ತು ಹಾಕಿದರು. ನಾವು ಕಿತ್ತಿಲ್ಲ. ಹೂವು ಬೆಳಿಗ್ಗೆ ಅರಳಿ ಅವತ್ತೇ ಬಾಡುತ್ತದೆ, ಅಷ್ಟರೊಳಗೆ ಒಂದೊಂದು ಹೂವಿಗೂ ಕಡ್ಡಿಯಿಂದ ಪರಾಗ ಮುಟ್ಟಿಸಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಅನ್ನುವ 12 ವರ್ಷದ ಗುಲಾಮ ಹುಡುಗ ತೋರಿಸಿಕೊಟ್ಟ ವಿಧಾನ ಅದು, ಅಮ್ಮ ಇವತ್ತಿಗೂ ಹಾಗೇ ಮಾಡುತ್ತಾರೆ. ಕಾಯಿ ಬಲಿಯಲು ಎಂಟೊಂಬತ್ತು ತಿಂಗಳು. ಹಸಿ ಕಾಯಿಗೆ ಪರಿಮಳವೇ ಇಲ್ಲ. ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಸ್ವಲ್ಪ ಹೊತ್ತು ಬಿಸಿಲು ತೋರಿಸಿ, ನೆರಳಿಗೆ ಹಾಕಿ, ಕೊನೆಗೆ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಡುತ್ತೇವೆ, ಆಗ ಬರುತ್ತದೆ ಆ ವಾಸನೆ. ನಿಮ್ಮ ಕೈಯಲ್ಲಿರುವ ಕಾಯಿ ಒಂದೂವರೆ ವರ್ಷ ಕಾದು ಬಂದಿದ್ದು ಅಕ್ಕಾ, ಗ್ಲಿಸರಿನ್‌ನಲ್ಲಿ ಇನ್ನು ನಾಲ್ಕು ತಿಂಗಳು ಕೊಡಿ.

ಕೇಳಿದವರು, ನಾಲ್ಕು ತಿಂಗಳ ಮೇಲೆ:

ಹರಳೇ ಇತ್ತು! 7 ಕಾಯಿ ತೂಗಿದರೆ 21 ಗ್ರಾಂ ಬಂತು, ಸೀಳಿ 100 ಎಂಎಲ್‌ಗೆ ಹಾಕಿದೆ. ಮೊದಲ ತಿಂಗಳು ವಾರಕ್ಕೊಂದು ಬಿಸಿನೀರಿನ ಸ್ನಾನ, ಆಮೇಲೆ ಬರೀ ಅಲ್ಲಾಡಿಸೋದು. ಆರನೇ ವಾರದವರೆಗೂ ಅದೇ ಒದ್ದೆ ಕಟ್ಟಿಗೆ. ಒಂಬತ್ತನೇ ವಾರಕ್ಕೆ ಒಣದ್ರಾಕ್ಷಿಯ ಹಾಗೆ ಒಂದು ವಾಸನೆ ಬಂತು. ಬಾಟಲಿಗೆ ಮೂಗು ಇಟ್ಟರೆ ಎರಡನೇ ಸಲಕ್ಕೇ ಏನೂ ತಿಳಿಯೋದಿಲ್ಲ, ಅದಕ್ಕೆ ಅರ್ಧ ಲೋಟ ಬೆಚ್ಚಗಿನ ಹಾಲಿಗೆ ಚಿಟಿಕೆ ಸಕ್ಕರೆ, ಐದು ಹನಿ ಹಾಕಿ ನೋಡುತ್ತಿದ್ದೆ. ನಿನ್ನೆ ಅತ್ತೆಗೆ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, ಇದಕ್ಕೆ ಕೇಸರಿ ಹಾಕಿದ್ದೀಯಾ ಅಂತ ಕೇಳಿದರು. ಇಲ್ಲ ಅಂದೆ. ಇನ್ನರ್ಧ ಲೋಟ ತಾ ಅಂದರು.

ಸೋಸಿದ ಮೇಲೆ ಉಳಿದ ಸಿಪ್ಪೆ ಏನು ಮಾಡಲಿ?

ಧಾರವಾಡದಿಂದ:

ಎಸೆಯಬೇಡ ತಂಗಿ. ಗ್ಲಿಸರಿನ್ ಚೆನ್ನಾಗಿ ಹಿಂಡಿ ತೆಗೆದು ಸಕ್ಕರೆ ಡಬ್ಬಿಯಲ್ಲಿ ಹುಗಿದಿಡು, ಸಕ್ಕರೆ ಸ್ವಲ್ಪ ಗಂಟು ಕಟ್ಟುತ್ತದೆ, ಕೈಯಿಂದ ಪುಡಿ ಮಾಡಿದರೆ ಆಯಿತು. ಎರಡು ವಾರ ಬಿಟ್ಟು ಆ ಸಕ್ಕರೆ ಕ್ರೀಮಿಗೆ ಹಾಕು. ಬಾಟಲಿಯ ತಳಕ್ಕೆ ಕಪ್ಪು ಬೀಜ ಕೂತಿರುತ್ತವೆ, ಅವನ್ನು ಸೋಸಬೇಡ, ಐಸ್‌ಕ್ರೀಮಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣಿಸಬೇಕು. ಮುಂದಿನ ಬಾಟಲಿ ಇವತ್ತೇ ಹಾಕಿಡು, ಇದು ಮುಗಿಯುವ ಹೊತ್ತಿಗೆ ಅದು ಬಂದಿರುತ್ತದೆ.